ಹಾಡು ಉಳಿದಿದೆ, ಇಸವಿ ಎಲ್ಲಿ?

ಹಳೆಯ ಗ್ರಾಮಫೋನ್ ತಟ್ಟೆಯ ನಡುವಿನ ದುಂಡು ಚೀಟಿಯಲ್ಲಿ ಕಂಪನಿಯ ಮುದ್ರೆ, ಗಾಯಕರ ಹೆಸರು, ಹಾಡಿನ ವಿವರಗಳು ಕಾಣುತ್ತವೆ. ಹಾಡಿದ್ದು ಯಾವಾಗ, ಮಾರಾಟಕ್ಕೆ ಬಂದದ್ದು ಯಾವಾಗ ಎಂಬುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ತನ್ನ ಸರಕು ಹಳತಾಯಿತೆಂದು ತಾನೇ ಸಾರಿಕೊಳ್ಳಲು ಯಾವ ವ್ಯಾಪಾರಿ ಬಯಸಿಯಾನು?

ಈ ಕೊರತೆಯನ್ನು ತುಂಬಲು ಶ್ರಮಿಸಿದವರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕಿನ್ನಿಯರ್ ಪ್ರಮುಖರು. ಗ್ರಾಮಫೋನ್ ಕಂಪನಿಯು 1899ರಿಂದ 1908ರವರೆಗೆ ಮಾಡಿದ ಭಾರತೀಯ ಧ್ವನಿಮುದ್ರಣಗಳ ಪಟ್ಟಿಯನ್ನು ಅವರು 1994ರಲ್ಲಿ ಪ್ರಕಟಿಸಿದರು. ಕಥೆಯನ್ನು ಅರಸಿ ಹೋದವರಿಗೆ ಈ ಗ್ರಂಥ ನೀರಸವೆನಿಸೀತು, ಪುಟಪುಟದಲ್ಲಿಯೂ ಅಂಕಿಗಳೇ. ಆದರೆ ಅದರ ಹಿರಿಮೆಯೂ ಆ ಅಂಕಿಗಳಲ್ಲಿಯೇ ಇದೆ. ಚೀಟಿಯ ಮೇಲೆ ಅಚ್ಚಾದ ಸಂಖ್ಯೆ ಮಾರಾಟದ ಪಟ್ಟಿಗೆ ಸೇರಿದ್ದು. ಚೀಟಿಯ ಅಂಚಿನ ನುಣುಪು ಜಾಗದಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆಯಾದರೋ ಧ್ವನಿಮುದ್ರಣದ ಸರದಿಯನ್ನು ಹೇಳುತ್ತದೆ. ಅದೇ ಹಾಡು ಮುಂದೆ ಮರುಬಿಡುಗಡೆಯಾದಾಗ ಮೊದಲನೆಯದು ಬದಲಾಗಬಹುದು. ಎರಡನೆಯದು ಹಾಡಿನೊಡನೆಯೇ ಉಳಿಯುತ್ತದೆ.

ಹಾಡಿದ ದಿನವೂ ಬಿಡುಗಡೆಯ ದಿನವೂ ಒಂದೇ ಅಲ್ಲ. ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕೆಲಸ ಆರಂಭಿಸಿ, ಸುಮಾರು ಆರು ವಾರಗಳಲ್ಲಿ ಐನೂರಕ್ಕೂ ಹೆಚ್ಚು ಧ್ವನಿಮುದ್ರಣಗಳನ್ನು ಮಾಡಿದರು. ಅವು ಜರ್ಮನಿಯ ಹ್ಯಾನೋವರಿಗೆ ಹೋಗಿ, ತಟ್ಟೆಗಳಾಗಿ ಭಾರತಕ್ಕೆ ಮರಳಿದ್ದು 1903ರಲ್ಲಿ. ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹುಟ್ಟಿದ ದಿನಕ್ಕೊಂದು, ಜ್ಞಾನಸ್ನಾನದ ದಿನಕ್ಕೊಂದು ಅಂಕಣವಿರುವಂತೆ ತಟ್ಟೆಗೂ ಎರಡು ತಾರೀಕು ಬೇಕು.

ಭಾರತದ ನೆಲದಲ್ಲಿ ಮೊದಲು ಧ್ವನಿಮುದ್ರಣವಾದವರು ಗೌಹರ್ ಜಾನ್ ಎಂಬ ಮಾತು ಇಂದಿಗೂ ಪತ್ರಿಕೆಗಳಲ್ಲಿ ಕಾಣುತ್ತದೆ. ಅವರಿಗಿಂತ ಕೆಲವು ದಿನ ಮೊದಲೇ ಆ ಕೊಳವೆಯೆದುರು ಹಾಡಿದವರು ಶಶಿಮುಖಿ ಮತ್ತು ಫಣಿಬಾಲಾ ಎಂಬ ರಂಗಭೂಮಿಯ ಎಳೆಯ ಹುಡುಗಿಯರು. ಗೈಸ್‌ಬರ್ಗರಿಗೆ ಅವರ ಕಂಠ ರುಚಿಸಲಿಲ್ಲ; ಕೇಳುಗರು ಅವರನ್ನು ಮರೆತರು. ಗೌಹರ್ ಜಾನರ ಮಾತು ಬೇರೆ. 1873ರಲ್ಲಿ ಆ್ಯಂಜಲಿನಾ ಯೋವರ್ಡ್ ಎಂಬ ಹೆಸರಿನಿಂದ ಹುಟ್ಟಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಈ ಗಾಯಕಿಗೆ ವಿಕ್ರಮ್ ಸಂಪತ್ ಬರೆದ ಜೀವನಚರಿತ್ರೆ 2010ರಲ್ಲಿ ದೊರಕಿತು. ಶಶಿಮುಖಿಯ ಪಾಲಿಗೆ ಬಂದದ್ದು ಕೆಲವು ಸಂಖ್ಯೆಗಳು. ಆದರೂ ಆಕೆ ಮೊದಲಿಗಳೆಂಬುದಕ್ಕೆ ಅವೇ ಸಾಕ್ಷಿ ನುಡಿಯುತ್ತವೆ. ಹೆಸರಾಂತರಿಗೆ ಇಸವಿ ತಪ್ಪಿದರೆ ತಿದ್ದುವವರು ಇರುತ್ತಾರೆ. ಅಪ್ರಸಿದ್ಧರ ಇಸವಿ ತಪ್ಪಿದರೆ ಅವರ ಸ್ಥಾನವೇ ಇನ್ನೊಬ್ಬರದಾಗುತ್ತದೆ.

ಪಟ್ಟಿಯಲ್ಲಿ ಹಾಡುಗಾರ್ತಿಯ ಬಾಳು ಕಾಣದೆಂಬ ಆಕ್ಷೇಪ ನನಗೂ ಉಂಟು. ಆದರೆ ಅದಕ್ಕಿಂತ ದೊಡ್ಡ ಆಕ್ಷೇಪಕ್ಕೆ ಪಾತ್ರವಾಗಬೇಕಾದುದು ಈಗಿನ ಅಂತರ್ಜಾಲದ ಸಂಗೀತ ಭಂಡಾರಗಳು. ನೂರು ವರ್ಷದ ಹಾಡಿನ ಕೆಳಗೆ ಅದನ್ನು ಗಣಕಯಂತ್ರಕ್ಕೆ ಏರಿಸಿದ ವರ್ಷವನ್ನೇ ಬಿಡುಗಡೆಯ ವರ್ಷವೆಂದು ತೋರಿಸುವ ಪುಟಗಳು ಅಲ್ಲಿ ಅಪರೂಪವಲ್ಲ. ಧ್ವನಿ ಸ್ವಚ್ಛವಾಗಿದೆ, ಚಿತ್ರ ಅಂದವಾಗಿದೆ. ಚೀಟಿಯ ಅಂಚಿನ ಸಂಖ್ಯೆಯ ಸುಳಿವೇ ಇಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದವರು ಬೆಳಕಿಗೆ ಓರೆಮಾಡಿ ಆ ಅಂಕಿಗಳನ್ನು ಬರೆದುಕೊಳ್ಳಲು ಒಂದು ನಿಮಿಷ ಸಾಕಿತ್ತು.