ಅಜಾಯಬ್ ಘರ್‌ನಲ್ಲಿ ಅಜ್ಜನ ಬಿಲ್ಲು

ಮ್ಯೂಸಿಯಂ ಎಂದರೆ ‘ಅಜಾಯಬ್ ಘರ್’ ಎಂದು ಉರ್ದು ಶಾಲೆಯಲ್ಲಿ ನಮಗೆ ಕಲಿಸಿದ್ದರು. ವಿಸ್ಮಯಗಳ ಮನೆ ಎಂದು ಅದರ ಅರ್ಥ. ಮುಂದೆ ಕನ್ನಡ ಶಾಲೆಗೆ ಬಂದಾಗ ಅದೇ ಜಾಗ ‘ವಸ್ತು ಸಂಗ್ರಹಾಲಯ’ವಾಯಿತು. ಒಂದು ಭಾಷೆ ವಿಸ್ಮಯವನ್ನು ಹುಡುಕುತ್ತದೆ, ಇನ್ನೊಂದು ವಸ್ತುವನ್ನು. ಈಚೆಗೆ ನಮ್ಮ ನಾಡಿನ ಕೆಲವು ಮ್ಯೂಸಿಯಂಗಳನ್ನು ಸುತ್ತಿ ಬಂದ ಮೇಲೆ ನಮ್ಮ ತಕರಾರೆಲ್ಲ ಈ ಎರಡು ಪದಗಳ ನಡುವೆಯೇ ಇದೆ ಎಂದು ಅನಿಸಿತು.

ವಿಜಯಪುರದಿಂದಲೇ ಆರಂಭಿಸೋಣ. ಗೋಲಗುಂಬಜ್‌ಗೆ ಹೋದವರು ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಕೂಗಿ, ತಮ್ಮದೇ ದನಿ ಮರಳಿ ಕೇಳಿಸಿಕೊಂಡು ಇಳಿಯುತ್ತಾರೆ. ಗುಂಬಜಿನ ಎದುರಿಗೇ ಇರುವ ನಗಾರಖಾನೆಯೊಳಗೆ ಒಂದು ಮ್ಯೂಸಿಯಂ ಇದೆ ಎಂಬುದು ಅನೇಕರ ಗಮನಕ್ಕೇ ಬರುವುದಿಲ್ಲ. ಬ್ರಿಟಿಷರ ಕಾಲದಲ್ಲಿ, 1892ರಲ್ಲಿ ಶುರುವಾದ ಇದು 1982ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಕೈಗೆ ಬಂತು. ಅರಬ್ಬೀ, ಪಾರ್ಸಿ ಶಾಸನಗಳ ಜೊತೆಗೇ ಕನ್ನಡ, ಸಂಸ್ಕೃತ ಶಾಸನಗಳಿವೆ. ಕುರ್‌ಆನಿನ ಹಸ್ತಪ್ರತಿಯೂ ವೀರಗಲ್ಲೂ ಜೈನ ವಿಗ್ರಹವೂ ಒಂದೇ ಸೂರಿನಡಿ ಇವೆ. ಆದಿಲ್‌ಶಾಹಿಗಳೆಂದರೆ ಕೆಡವಿದವರು ಎಂದಷ್ಟೇ ಕೇಳಿ ಬೆಳೆದ ಹುಡುಗನೊಬ್ಬ ಇಲ್ಲಿ ಅರ್ಧ ಗಂಟೆ ನಿಂತರೆ ಅವನ ಮನಸ್ಸಿನಲ್ಲಿ ಒಂದೆರಡು ಪ್ರಶ್ನೆಗಳಾದರೂ ಏಳುತ್ತವೆ. ದಖನಿಯಲ್ಲಿ ‘ಕಿತಾಬೆ ನೌರಸ್’ ಬರೆದು, ಜನರಿಂದ ‘ಜಗದ್ಗುರು’ ಎನಿಸಿಕೊಂಡ ಎರಡನೆಯ ಇಬ್ರಾಹಿಂ ಆದಿಲ್‌ಶಾಹ್ ಆಳಿದ್ದೂ ಇದೇ ಊರಿನಿಂದಲ್ಲವೇ?

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದರೂ ಇಂಥದೇ ಸಂತೋಷ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಬೇಸಿಗೆ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಸೋತ ಇಂಗ್ಲಿಷ್ ಅಧಿಕಾರಿ ಕರ್ನಲ್ ಬೈಲಿ ಅಲ್ಲಿ ಪಲ್ಲಕ್ಕಿಯೊಳಗೆ ಕುಳಿತಿದ್ದಾನೆ. ಅರಮನೆಯೊಳಗಿನ ಮ್ಯೂಸಿಯಂನಲ್ಲಿ ಮಾತ್ರ ಗೆದ್ದ ಇಂಗ್ಲಿಷರು ಬರೆದ ಚಿತ್ರಗಳೇ ಎದ್ದು ಕಾಣುತ್ತವೆ. ಹೊರಗೋಡೆಯ ಮೇಲೆ ನಮ್ಮ ಗೆಲುವು, ಒಳಗೆ ಅವರ ಗೆಲುವು. ಟಿಪ್ಪುವಿನ ಆ ಪ್ರಸಿದ್ಧ ಯಾಂತ್ರಿಕ ಹುಲಿಯಂತೂ 1799ರಲ್ಲಿ ಲೂಟಿಯಾಗಿ ಹೋದದ್ದು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇವೆಲ್ಲ ಇರಬೇಕಾದವೇ. ಆದರೆ ಇಷ್ಟೇ ಸಾಕೇ? ಇವನ್ನೆಲ್ಲ ನೋಡಿ ಹೊರಬರುವ ಮುಸ್ಲಿಮೇತರ ಗೆಳೆಯನೊಬ್ಬನ ಕಣ್ಣಲ್ಲಿ ನಾವು ಯಾರಾಗಿ ಉಳಿಯುತ್ತೇವೆ? ಸುಲ್ತಾನರಾಗಿ, ಖಡ್ಗವಾಗಿ, ಗೋರಿಯಾಗಿ. ಈ ನಾಡಿನಲ್ಲಿ ಸಿಂಹಾಸನ ಕಂಡ ಮುಸ್ಲಿಮರು ಎಷ್ಟು ಜನ? ಹತ್ತಿ ಹಿಂಜಿದವರು, ಲಾಳ ಕಟ್ಟಿದವರು, ಅತ್ತರು ಮಾರಿದವರು, ಬೀಡಿ ಕಟ್ಟಿದವರು, ರೇಷ್ಮೆ ಗೂಡು ಬಿಚ್ಚಿದವರು ಎಷ್ಟು ಜನ? ಖಡ್ಗವನ್ನಷ್ಟೇ ತೋರಿಸಿದರೆ ನೋಡಿದವನಿಗೆ ಹೆದರಿಕೆಯೋ ಹೆಮ್ಮೆಯೋ ಹುಟ್ಟಬಹುದು. ನೆರೆಹೊರೆಯ ಪರಿಚಯ ಹುಟ್ಟುವುದಿಲ್ಲ.

ಬೀದರಿನ ಉದಾಹರಣೆ ನೋಡಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಆ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಕಲೆ ಬಿದರಿ. ಸರಿಯಾದ ಮಣ್ಣು ಯಾವುದೆಂದು ಕಸುಬುದಾರರು ನಾಲಿಗೆಯ ಮೇಲಿಟ್ಟು ನೋಡಿ ಆರಿಸುತ್ತಾರೆ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಬಿದರಿ ಹೂಜಿಯ ಕೆಳಗೆ ಅದನ್ನು ಮಾಡಿದವನ ಹೆಸರು ನಾವು ಕಂಡದ್ದು ಅಪರೂಪ. ಯಾವ ಅರಸನ ಕಾಲ ಎಂಬುದು ಇರುತ್ತದೆ. ಅರಸನೇನು ಆ ಮಣ್ಣಿನ ರುಚಿ ನೋಡಿದ್ದನೇ?

ವಸ್ತುಗಳನ್ನು ಗೌರವದಿಂದ ಕಾಣುವುದು ಹೇಗೆಂಬುದಕ್ಕೆ ರಾಮನಗರದ ಜಾನಪದ ಲೋಕ ಒಂದು ಮಾದರಿ. ಎಚ್.ಎಲ್. ನಾಗೇಗೌಡರು ಊರೂರು ಅಲೆದು ಕೂಡಿಸಿದ ನೇಗಿಲು, ಒನಕೆ, ಬೀಸುವ ಕಲ್ಲುಗಳಿಗೆ ಅಲ್ಲಿ ಅರಸರ ಕಿರೀಟದಷ್ಟೇ ಮರ್ಯಾದೆ. ಅಲ್ಲಿ ನಿಂತಾಗ ನಮಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮ್ಮವರ ಮನೆಗಳನ್ನು ಹೀಗೆ ತಟ್ಟಿ ಕೇಳುವ ಒಬ್ಬ ನಾಗೇಗೌಡರು ನಮ್ಮೊಳಗಿಂದ ಯಾಕೆ ಹುಟ್ಟಲಿಲ್ಲ? ಉತ್ತರ ಕರ್ನಾಟಕದ ರಿವಾಯತ್ ಪದಗಳನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುತ್ತಾರೆ. ಮೊಹರಂನ ಆಚರಣೆ ಧರ್ಮಸಮ್ಮತವೇ ಅಲ್ಲವೇ ಎಂಬ ಚರ್ಚೆ ಬೇರೆ, ಅದು ನಡೆಯಲಿ. ಆದರೆ ಆ ಪದಗಳು ನಮ್ಮ ಹಿರಿಯರ ಕನ್ನಡ. ಅದನ್ನು ಬರೆದಿಡುವ ಕೆಲಸಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ.

ಇನ್ನು ನಮ್ಮದೇ ಮನೆಯ ಕಥೆ. ಒಂದು ಜಿಲ್ಲಾ ಕೇಂದ್ರದ ಸಣ್ಣ ಮ್ಯೂಸಿಯಂಗೆ ಹೋಗಿದ್ದೆವು, ಹೆಸರು ಬೇಡ. ಹಿಂದಿನ ಕೋಣೆಯ ಮೂಲೆಯಲ್ಲಿ, ಡೋಲು ತಮಟೆಗಳ ಸಾಲಿನಲ್ಲಿ, ಗೋಡೆಗೆ ಒರಗಿಸಿಟ್ಟ ಉದ್ದನೆಯ ಬಿಲ್ಲೊಂದು ಕಾಣಿಸಿತು. ಕೆಳಗೆ ‘ಪ್ರಾಚೀನ ತಂತಿವಾದ್ಯ’ ಎಂಬ ಚೀಟಿ. ನಮಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಅದು ಪಿಂಜಾರರು ಹತ್ತಿ ಹಿಂಜುವ ಬಿಲ್ಲು. ನಮ್ಮ ಅಜ್ಜ ಅದನ್ನು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗಿ, ಊರಿನ ಗಾದಿಗಳನ್ನೆಲ್ಲ ಹಿಂಜಿ ತುಂಬಿ, ಆರು ಮಕ್ಕಳನ್ನು ಸಾಕಿದ್ದರು. ತಂತಿಯನ್ನು ಕೊಡತಿಯಿಂದ ಮೀಟಿದಾಗ ‘ಟೊಂಯ್’ ಎನ್ನುತ್ತಿದ್ದದ್ದು ನಿಜ. ಸಂಗೀತವೆಂದರೆ ಅಷ್ಟೇ.

ಅಲ್ಲಿದ್ದ ಸಿಬ್ಬಂದಿಗೆ ವಿಷಯ ಹೇಳಿದೆವು. ಆತ ಬೇಸರ ಮಾಡಿಕೊಳ್ಳಲಿಲ್ಲ. ಒಂದು ಹಾಳೆ ಮುಂದಿಟ್ಟು, “ನಮಗೇನ್ ಗೊತ್ರಿ ಸರ್? ನೀವ ಬರದು ಕೊಡ್ರಲ್ಲ, ಹಚ್ಚತೀವಿ” ಎಂದ.

ಬರೆಯಲು ಕುಳಿತೆವು. ಕಥೆ ಬರೆಯುವ ಕೈ ಎರಡನೇ ಸಾಲಿಗೇ ನಿಂತಿತು. ಆ ತಂತಿಯನ್ನು ಯಾವುದರಿಂದ ಹೊಸೆಯುತ್ತಿದ್ದರು? ಆ ಕೊಡತಿಗೆ ಅಜ್ಜ ಯಾವ ಹೆಸರು ಹೇಳುತ್ತಿದ್ದರು? ಒಂದೂ ನೆನಪಾಗಲಿಲ್ಲ. ಊರಿನಲ್ಲಿದ್ದ ಸೋದರತ್ತೆಗೆ ಫೋನ್ ಮಾಡಿದೆವು. “ಅದನ್ನ ಒಲಿಗಿ ಹಾಕಿ ಮೂವತ್ತ ವರ್ಷ ಆತಲ್ಲೋ ತಮ್ಮಾ, ಈಗ ಯಾಕ ಕೇಳ್ತಿ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀವು ಸಾಲಿ ಕಲ್ತವರು. ಮಂದಿ ಪಿಂಜಾರ ಅಂದರ ನಾಚಿಕೋತಿದ್ದಿರಿ. ಅದಕ್ಕ ಸುಟ್ಟಿವಿ” ಎಂದರು.

ಚೀಟಿ ಬರೆದವನದು ಅಜ್ಞಾನ. ನಮ್ಮದು ನಾಚಿಕೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇವೆ. ಸುಲ್ತಾನರ ಪರವಾಗಿ ವೇದಿಕೆ ಏರಿ ಮಾತಾಡಲು ನಮ್ಮಲ್ಲಿ ಜನರಿಗೆ ಕೊರತೆಯಿಲ್ಲ. ಅಜ್ಜನ ಬಿಲ್ಲಿಗೆ ಎರಡು ಸಾಲು ಬರೆಯಲು ಮಾತ್ರ ನಮಗೆ ಪದಗಳಿರಲಿಲ್ಲ. ನಮ್ಮ ಇತಿಹಾಸವನ್ನು ತಿರುಚುತ್ತಾರೆ ಎಂದು ದೂರುವ ನಾವು ಅದನ್ನು ಗುಜರಿಯವನ ಗಾಡಿಗೆ ಕೆಜಿ ಲೆಕ್ಕದಲ್ಲಿ ಹಾಕಿ ಕಳಿಸಿದ್ದೂ ಉಂಟು. ನಕ್ಷೆ ಕೆತ್ತಿದ ಪಾನದಾನ, ದಾದಿಯ ತಾಮ್ರದ ಬದನಿ, ಹಳೆಯ ನಿಕಾಹ್‌ನಾಮೆ ಎಲ್ಲ ಹೋದದ್ದು ಹಾಗೆಯೇ.

ದೊಡ್ಡ ಯೋಜನೆಗಳ ಮಾತು ಈಗ ಬೇಡ. ರಜೆಯಲ್ಲಿ ಮಕ್ಕಳನ್ನು ಹತ್ತಿರದ ಮ್ಯೂಸಿಯಂಗೆ ಒಮ್ಮೆ ಕರೆದೊಯ್ಯೋಣ. ಚೀಟಿ ತಪ್ಪಿದ್ದರೆ ಜಗಳವಾಡದೆ ಸರಿಯಾದದ್ದನ್ನು ಬರೆದು ಕೊಡೋಣ. ಅದಕ್ಕೂ ಮೊದಲು ಮನೆಯಲ್ಲಿರುವ ಹಿರಿಯರನ್ನು ಕೂರಿಸಿಕೊಂಡು ಕೇಳೋಣ. ಅವರು ಹೋದ ಮೇಲೆ ಯಾವ ಇಲಾಖೆಗೆ ಅರ್ಜಿ ಹಾಕಿದರೂ ಆ ಪದಗಳು ಸಿಗುವುದಿಲ್ಲ.

ಸೋದರತ್ತೆ ನೆನಪಿಸಿಕೊಂಡು ಹೇಳಿದ್ದನ್ನೆಲ್ಲ ಬರೆದು ಆ ಮ್ಯೂಸಿಯಂಗೆ ಅಂಚೆಯಲ್ಲಿ ಕಳಿಸಿದ್ದೇವೆ. ಪಿಂಜಾರ ಎಂಬ ಪದವನ್ನು ದಪ್ಪ ಅಕ್ಷರದಲ್ಲಿಯೇ ಬರೆದಿದ್ದೇವೆ. ಹೊಸ ಚೀಟಿ ಹಚ್ಚಿದರೋ ಇಲ್ಲವೋ ನೋಡಲು ಮತ್ತೊಮ್ಮೆ ಹೋಗಬೇಕು. ಈ ಸಲ ಮಕ್ಕಳನ್ನೂ, ಸೋದರತ್ತೆಯನ್ನೂ ಕರೆದುಕೊಂಡು.