ತಕರಾರು ತರಕಾರಿಯ ಮೇಲಲ್ಲ

ಮಾಂಸಕ್ಕೆ ಒಂದು ಪಾಲು ತರಕಾರಿಯನ್ನೋ ಕಾಳನ್ನೋ ಅಣಬೆಯನ್ನೋ ಬೆರೆಸಿ ಮಾರುವ ವಿಚಾರ ಬಂದಾಗಲೆಲ್ಲ ಆಹಾರೋದ್ಯಮದ ಮಂದಿ ಒಂದೇ ರಾಗ ಹಾಡುತ್ತಾರೆ: ಗ್ರಾಹಕ ಒಪ್ಪುವುದಿಲ್ಲ. ಮಾಂಸ ತಿನ್ನುವವನಿಗೆ ಅದು ಕಲಬೆರಕೆ, ಸಸ್ಯಾಹಾರಿಗೆ ಅದು ಮಾಂಸವೇ. ಇಬ್ಬರಿಗೂ ಬೇಡವಾದ ಸರಕಿಗೆ ಮಾರುಕಟ್ಟೆಯಾದರೂ ಎಲ್ಲಿಯದು? ಆದ್ದರಿಂದ ಗ್ರಾಹಕನ ಮನೋಭಾವ ಬದಲಾಗಬೇಕು, ಅವನಿಗೆ ತಿಳಿವಳಿಕೆ ಕೊಡಬೇಕು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ತಿನ್ನುವವರ ತಲೆಗೆ ಕಟ್ಟಿರುವ ಈ ತಪ್ಪಿನಲ್ಲಿ ದೊಡ್ಡ ಪಾಲು ಮಾರುವವರದು.

ವಾದ ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ, ಅಲ್ಲಿಂದಲೇ ನೋಡೋಣ. 2018ರಲ್ಲಿ ಸಾನಿಕ್ ಎಂಬ ಡ್ರೈವ್-ಇನ್ ಹೋಟೆಲ್ ಸರಣಿ ದನದ ಮಾಂಸಕ್ಕೆ ಸುಮಾರು ಕಾಲು ಭಾಗ ಅಣಬೆ ಬೆರೆಸಿದ ಬರ್ಗರನ್ನು ದೇಶದುದ್ದಕ್ಕೂ ಮಾರಿತು. ಅದೇ ವರ್ಷ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಒಂದು ಲೆಕ್ಕ ಮುಂದಿಟ್ಟಿತು. ಅಮೆರಿಕನ್ನರು ವರ್ಷಕ್ಕೆ ತಿನ್ನುವ ಸುಮಾರು 1,000 ಕೋಟಿ ಬರ್ಗರುಗಳಲ್ಲಿ ಶೇ. 30ರಷ್ಟು ಮಾಂಸದ ಜಾಗಕ್ಕೆ ಅಣಬೆ ಬಂದರೆ 1.05 ಕೋಟಿ ಟನ್ ಹಸಿರುಮನೆ ಅನಿಲ ಉಳಿಯುತ್ತದೆ, ಅಂದರೆ 23 ಲಕ್ಷ ಕಾರುಗಳನ್ನು ರಸ್ತೆಯಿಂದ ತೆಗೆದಷ್ಟು. ಮರುವರ್ಷ ಟೈಸನ್ ಕಂಪನಿ ಬಟಾಣಿ ಪ್ರೋಟೀನ್ ಬೆರೆಸಿದ ದನದ ಮಾಂಸದ ಬರ್ಗರ್ ತಂದಿತು. ಪರ್ಡ್ಯೂ ಕಂಪನಿ ಹೂಕೋಸು ಮತ್ತು ಕಾಬೂಲಿ ಕಡಲೆ ಸೇರಿದ ಚಿಕನ್ ನಗೆಟ್ ತಂದಿತು. ಸಾನಿಕ್‌ನ ಬರ್ಗರ್ ಕೆಲಕಾಲದ ಕೊಡುಗೆಯಾಗಿ ಬಂದು ಹೋಯಿತು. ಟೈಸನ್ ತನ್ನ ಬೆರಕೆ ಬರ್ಗರನ್ನು ಬೇಗನೆ ಕೈಬಿಟ್ಟು ಪೂರ್ತಿ ಸಸ್ಯದ ಕಡೆಗೆ ವಾಲಿತು. ಆ ಹೊತ್ತಿಗೆ ಬಂಡವಾಳಗಾರರ ಕಣ್ಣೆಲ್ಲ ಬಿಯಾಂಡ್ ಮೀಟ್‌ನಂಥ ನಕಲಿ ಮಾಂಸದ ಕಂಪನಿಗಳ ಮೇಲಿತ್ತು. ಅರ್ಧಂಬರ್ಧದ ಮಾತು ಯಾರಿಗೆ ಬೇಕಿತ್ತು? ಬೆರಕೆ ಮಾಲಿಗೆ ಮಾತ್ರ ‘ಗ್ರಾಹಕ ತಯಾರಿಲ್ಲ’ ಎಂಬ ಷರಾ ಅಂಟಿಕೊಂಡಿತು.

ರುಚಿಯಲ್ಲಿ ಸೋತಿತೇ ಎಂದರೆ ಹಾಗೇನೂ ಇಲ್ಲ. ಅಣಬೆಯಲ್ಲಿ ಗ್ಲುಟಮೇಟ್ ಇದೆ, ಒಣಗಿಸಿದ ಅಣಬೆಯಲ್ಲಿ ಗ್ವಾನಿಲೇಟ್ ಇದೆ, ಮಾಂಸದಲ್ಲಿ ಇನೊಸಿನೇಟ್ ಇದೆ. ಇವು ಜೊತೆಗೂಡಿದಾಗ ನಾಲಿಗೆಗೆ ಸಿಗುವ ಉಮಾಮಿ ಒಂದೊಂದರ ರುಚಿಯನ್ನು ಕೂಡಿಸಿದ್ದಕ್ಕಿಂತ ಎಷ್ಟೋ ಜೋರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರೂ ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕದವರೂ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟ್ಯಾಕೊಗೆ ತುಂಬುವ ಮಾಂಸದಲ್ಲಿ ಅರ್ಧವನ್ನು, ಇನ್ನೊಮ್ಮೆ ಶೇ. 80ರಷ್ಟನ್ನು ತೆಗೆದು ಅಣಬೆ ಹಾಕಿದ್ದರು. ಉಪ್ಪನ್ನು ಕಾಲು ಭಾಗ ಇಳಿಸಿದರೂ ರುಚಿ ಕುಂದದಂತೆ ಅಣಬೆ ತಡೆಯಬಲ್ಲದು ಎಂದು ಕಂಡುಕೊಂಡರು. ಮಾಂಸ ಬೆಂದಾಗ ನೀರು ಬಿಟ್ಟು ಮುದುಡುತ್ತದೆ, ಕೊಚ್ಚಿದ ಅಣಬೆ ಒಂದಿಷ್ಟು ರಸವನ್ನು ಒಳಗೇ ಉಳಿಸುತ್ತದೆ. ಬಾಯಿಗೆ ಇಟ್ಟುಕೊಂಡವನು ದೂರುವಂಥದ್ದೇನೂ ಇದರಲ್ಲಿ ಇಲ್ಲ.

ಹಾಗಿದ್ದರೆ ದೂರು ಎಲ್ಲಿಂದ ಬಂತು? ಬಾಯಿಗಿಡುವ ಮೊದಲೇ ಕೇಳಿದ ಪ್ರಶ್ನೆಯಿಂದ. ‘ತರಕಾರಿ ಬೆರೆತ ಮಾಂಸ ಕೊಳ್ಳುತ್ತೀರಾ?’ ಎಂದು ಕಾಗದದ ಮೇಲೆ ಕೇಳಿದರೆ ಯಾರಾದರೂ ಹುಬ್ಬುಗಂಟಿಕ್ಕುತ್ತಾರೆ. ಏಕೆ ಬೆರೆಸಿದಿರಿ, ಎಷ್ಟು ಬೆರೆಸಿದಿರಿ, ಉಳಿದ ದುಡ್ಡು ಯಾರ ಜೇಬಿಗೆ ಎಂಬ ಮರುಪ್ರಶ್ನೆ ಹಾಕಲು ಸಮೀಕ್ಷೆಯ ಹಾಳೆಯಲ್ಲಿ ಜಾಗವಿರುವುದಿಲ್ಲ. ಆ ಮರುಪ್ರಶ್ನೆಯೇ ಗ್ರಾಹಕನ ಮನೋಭಾವ. ಅದನ್ನು ಬಿಟ್ಟು ಬರೀ ‘ಇಲ್ಲ’ ಎಂಬುದನ್ನು ಎಣಿಸಿದರೆ ಸಿಗುವುದು ಅರೆಬೆಂದ ಸತ್ಯ.

ನಮ್ಮ ಅಡುಗೆಮನೆಗಳ ಕಡೆ ತಿರುಗಿದರೆ ಈ ‘ಒಪ್ಪುವುದಿಲ್ಲ’ ಎಂಬ ಮಾತು ಇನ್ನೂ ವಿಚಿತ್ರವಾಗಿ ಕೇಳುತ್ತದೆ. ಚಳಿಗಾಲ ಬಂದರೆ ಬೆಂಗಳೂರು, ಕೋಲಾರ, ತುಮಕೂರು ಕಡೆ ಹಿದುಕವರೆ ಹಾಕದೆ ಮಟನ್ ಸಾರು ಮಾಡುವವರನ್ನು ಹುಡುಕಬೇಕು. ನವಿಲುಕೋಸು ಹಾಕುವವರಿದ್ದಾರೆ, ಮೆಂತ್ಯ ಸೊಪ್ಪು ಹಾಕುವವರಿದ್ದಾರೆ. ಕರಾವಳಿಯಲ್ಲಿ ಬಸಳೆಗೆ ಮರುವಾಯಿ, ಬದನೆಕಾಯಿಗೆ ಸೀಗಡಿ. ಕಲಬುರಗಿ, ಬೀದರಿನ ಮುಸ್ಲಿಮರ ಮನೆಗಳಲ್ಲಿ ಪುಂಡಿ ಸೊಪ್ಪಿನ ಹುಳಿಯಲ್ಲಿ ಬೆಂದ ಮಾಂಸ, ಮದುವೆ ಬಿರಿಯಾನಿಯ ಪಕ್ಕದಲ್ಲಿ ಬೇಳೆ ಸೋರೆಕಾಯಿಯ ದಾಲ್ಚಾ. ರಂಜಾನ್ ತಿಂಗಳಲ್ಲಿ ಬೆಂಗಳೂರಿನ ಮಸೀದಿ ರಸ್ತೆಯಲ್ಲಿ ಜನ ಮುಗಿಬಿದ್ದು ತಿನ್ನುವ ಹಲೀಮಿನಲ್ಲಿ ಗೋಧಿ ಎಷ್ಟು, ಬೇಳೆ ಎಷ್ಟು, ಮಾಂಸ ಎಷ್ಟು ಎಂದು ಬೇರ್ಪಡಿಸಿ ಹೇಳಲು ಮಾಡಿದವನಿಗೂ ಕಷ್ಟ.

ಕೈಮಾ ಉಂಡೆ ಸಾರನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳೆ ಮೈಸೂರು ಕಡೆ ಕೈಮಾವನ್ನು ಬರಿದೇ ಉಂಡೆ ಕಟ್ಟುವುದಿಲ್ಲ. ಹುರಿಗಡಲೆ, ತೆಂಗಿನತುರಿ, ಹಸಿಮೆಣಸಿನಕಾಯಿ, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಚಕ್ಕೆ ಲವಂಗ ಎಲ್ಲ ರುಬ್ಬಿ ಕೈಮಾದ ಜೊತೆ ಮತ್ತೊಂದು ಸುತ್ತು ತಿರುಗಿಸುತ್ತಾರೆ. ಹುರಿಗಡಲೆ ಕಡಿಮೆಯಾದರೆ ಉಂಡೆ ಸಾರಿನಲ್ಲಿ ಒಡೆದು ಚೂರಾಗುತ್ತದೆ, ಹೆಚ್ಚಾದರೆ ಗೋಲಿಯ ಹಾಗೆ ಗಟ್ಟಿ. ಕುದಿಯುವ ಮಸಾಲೆಗೆ ಒಂದೊಂದಾಗಿ ಬಿಟ್ಟ ಮೇಲೆ ಸೌಟು ಆಡಿಸುವಂತಿಲ್ಲ. ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಅಲುಗಿಸಬೇಕು. ಹುರಿಗಡಲೆ ಹಾಕುವುದು ಉಂಡೆ ನಿಲ್ಲಲಿ ಎಂದು, ಮಾಂಸ ಉಳಿಸಲು ಅಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ಅರ್ಧ ಕಿಲೋ ಕೈಮಾ ಮನೆಮಂದಿಗೆಲ್ಲ ಸಾಕಾಗುವುದು ಆ ಹುರಿಗಡಲೆಯಿಂದಲೇ. ಮಟನ್ ಕಿಲೋಗೆ ಏಳೆಂಟು ನೂರು ದಾಟಿರುವಾಗ ಈ ಜಾಣತನಕ್ಕೆ ಯಾರೂ ಹೆಸರಿಡುವುದಿಲ್ಲ.

ಇದನ್ನೆಲ್ಲ ಹೇಳಿ ‘ನಮ್ಮ ಹಿರಿಯರೇ ಇದನ್ನು ಕಂಡುಹಿಡಿದಿದ್ದರು’ ಎಂದು ಮೀಸೆ ತಿರುವುವ ಉದ್ದೇಶ ನನಗಿಲ್ಲ. ಮನೆಯ ಬೆರಕೆಯೂ ಅಷ್ಟೊಂದು ಮುಗ್ಧವಲ್ಲ. ಅವರೆಕಾಳು ಹಾಕಿದ ಸಾರಿನಲ್ಲಿ ಪೀಸು ಬೇರೆ, ಕಾಳು ಬೇರೆ, ಸೌಟು ಹಿಡಿದವರಿಗೆ ಎರಡೂ ಕಾಣುತ್ತವೆ. ಗಂಡಸರ ತಟ್ಟೆಗೆ ನಲ್ಲಿ ಮೂಳೆ, ಮಕ್ಕಳಿಗೆ ಲಿವರ್, ಕೊನೆಗೆ ಊಟಕ್ಕೆ ಕೂರುವ ಹೆಂಗಸಿಗೆ ಕಾಳು ಮತ್ತು ರಸ. ಎಷ್ಟೋ ಮನೆಗಳಲ್ಲಿ ಇದು ಇಂದಿಗೂ ನಡೆದುಕೊಂಡು ಬಂದ ಪದ್ಧತಿ. ಅದೇ ಕೈಮಾ ಉಂಡೆಯಲ್ಲಿ ಈ ಆಟ ನಡೆಯುವುದಿಲ್ಲ. ಹುರಿಗಡಲೆಯೂ ಮಾಂಸವೂ ಪ್ರತಿ ಉಂಡೆಯಲ್ಲೂ ಒಂದೇ ಪಾಲು. ತಲೆಗೆ ಮೂರು ಎಂದರೆ ಎಲ್ಲರಿಗೂ ಮೂರು. ಬೆರಕೆ ಕಣ್ಣಿಗೆ ಕಾಣದಿರುವುದು ಮಾರುಕಟ್ಟೆಯಲ್ಲಿ ಅನುಮಾನ ಹುಟ್ಟಿಸುತ್ತದೆ, ಊಟದ ಪಂಕ್ತಿಯಲ್ಲಿ ನ್ಯಾಯ ಒದಗಿಸುತ್ತದೆ. ‘ಮನೋಭಾವ’ ಅಳೆಯಲು ಹೊರಟವರು ಮನೆಯ ಯಜಮಾನನನ್ನು ಕೇಳುತ್ತಾರೋ ಕೊನೆಯಲ್ಲಿ ಉಣ್ಣುವವಳನ್ನು ಕೇಳುತ್ತಾರೋ ಎಂಬುದರ ಮೇಲೆ ಉತ್ತರ ಬದಲಾಗದೆ ಇರುತ್ತದೆಯೇ?

ಸಂದರ್ಭದ ಮಾತೂ ಇದೆ. ಬೀಗರೂಟಕ್ಕೆ ಕರೆದು ನವಿಲುಕೋಸು ತುಂಬಿದ ಸಾರು ಬಡಿಸಿದರೆ ನೆಂಟಸ್ತಿಕೆಯೇ ಮುರಿದೀತು. ಅಲ್ಲಿ ಎಲೆಯ ಮೇಲಿನ ಪೀಸುಗಳು ಮರ್ಯಾದೆಯ ಲೆಕ್ಕ. ಅದೇ ಜನ ಮರುದಿನ ಮನೆಯಲ್ಲಿ ಮೂಲಂಗಿ ಹಾಕಿದ ಒಣಮೀನು ಸಾರಿಗೆ ಮುದ್ದೆ ಮುರಿದು ಉಣ್ಣುತ್ತಾರೆ, ಸೋಮವಾರವೋ ಶನಿವಾರವೋ ಮಾಂಸ ಮುಟ್ಟುವುದಿಲ್ಲ, ಶ್ರಾವಣ ಬಂದರೆ ತಿಂಗಳಿಡೀ ಬಿಡುವವರೂ ಇದ್ದಾರೆ. ಇವರನ್ನು ಪಶ್ಚಿಮದ ಸಂಶೋಧಕರು ಯಾವ ಖಾನೆಗೆ ಹಾಕುತ್ತಾರೋ ನನಗಂತೂ ಹೊಳೆಯುವುದಿಲ್ಲ. ಅವರ ವಿಂಗಡಣೆಯಲ್ಲಿ ಮನುಷ್ಯರಿಗೆ ಖಾನೆಗಳಿವೆ, ವಾರ ತಿಥಿಗಳಿಗೆ ಇಲ್ಲ.

ಈಗ ಮಾರುವವರ ಕಡೆ ಬರೋಣ. ಯಾವುದೇ ಮಟನ್ ಸ್ಟಾಲಿನ ಮುಂದೆ ಭಾನುವಾರ ಬೆಳಿಗ್ಗೆ ನಿಂತರೆ ಕೈಮಾ ಕೊಳ್ಳುವವರ ಗಲಾಟೆ ಕೇಳುತ್ತದೆ: ‘ತೊಡೆ ಹಾಕಿ ಅಣ್ಣಾ, ಮಿಷನ್ನಲ್ಲಿರೋದನ್ನ ಮೊದಲು ತೆಗೀರಿ, ನಂದು ನನ್ನೆದುರಿಗೇ ಹಾಕಿ.’ ಕೊಚ್ಚಿಟ್ಟ ಕೈಮಾವನ್ನು ಯಾರೂ ನಂಬುವುದಿಲ್ಲ. ಪೀಸಿನಲ್ಲಿ ಕಣ್ಣಿಗೆ ಕೆಲಸವಿದೆ; ಎದೆಯೋ ತೊಡೆಯೋ, ಎಳೆಯದೋ ಬಲಿತದ್ದೋ ನೋಡಿ ಹೇಳಬಹುದು. ಕೊಚ್ಚಿದ ಮೇಲೆ ಉಳಿಯುವುದು ಮಾರುವವನ ಮಾತು ಮಾತ್ರ. ಇದೇ ಗಿರಾಕಿ ಮನೆಗೆ ಹೋಗಿ ಅದೇ ಕೈಮಾಕ್ಕೆ ಒಂದು ಹಿಡಿ ನೆನೆಸಿದ ಸೋಯಾ ಬೆರೆಸುವುದು ಸಂಸಾರದ ಲೆಕ್ಕಾಚಾರ. ಹೋಟೆಲಿನವನು ಹೇಳದೆ ಬೆರೆಸಿದರೆ ಮೋಸ. ಪದಾರ್ಥ ಎರಡೂ ಕಡೆ ಒಂದೇ.

ಈ ಅಪನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. 2012ರಲ್ಲಿ ಅಮೆರಿಕದವರು ತಾವು ಕೊಳ್ಳುವ ಕೊಚ್ಚಿದ ದನದ ಮಾಂಸದಲ್ಲಿ ಅಮೋನಿಯಾ ಅನಿಲದಿಂದ ಸಂಸ್ಕರಿಸಿದ ಮಾಂಸದ ಚೂರುಪಾರು ಸೇರಿರುತ್ತದೆ ಎಂದು ಟಿವಿಯಲ್ಲಿ ನೋಡಿ ಹೌಹಾರಿದರು. ಕಾನೂನಿನ ಪ್ರಕಾರ ತಪ್ಪಿರಲಿಲ್ಲ, ಪೊಟ್ಟಣದ ಮೇಲೆ ಬರೆಯಬೇಕೆಂಬ ನಿಯಮವೂ ಇರಲಿಲ್ಲ. 2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಗಡಿಗಳ ಬರ್ಗರುಗಳನ್ನು ಪರೀಕ್ಷಿಸಿದಾಗ ಒಂದರಲ್ಲಿ ಶೇ. 29ರಷ್ಟು ಕುದುರೆ ಮಾಂಸ ಸಿಕ್ಕಿತು. ನಮ್ಮಲ್ಲಿ 2024ರ ಜುಲೈಯಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ ಮಾಂಸದ ಪೆಟ್ಟಿಗೆಗಳಲ್ಲಿ ನಾಯಿಮಾಂಸವಿದೆ ಎಂಬ ಪುಕಾರು ಊರೆಲ್ಲ ಹಬ್ಬಿತು. ಪ್ರಯೋಗಾಲಯದ ವರದಿ ಬಂದಾಗ ಅದು ನಾಯಿಯದಾಗಿರಲಿಲ್ಲ. ಪುಕಾರು ಹಬ್ಬಿದ ವೇಗದಲ್ಲಿ ವರದಿ ಹಬ್ಬಲಿಲ್ಲ. ಇಂಥ ಅನುಭವದ ಮೇಲೆ ಕೂತ ಕೊಳ್ಳುವವನು ‘ಮಾಂಸದಲ್ಲಿ ಇನ್ನೇನೋ ಬೆರೆಸಿದ್ದೇವೆ’ ಎಂಬ ಮಾತು ಕೇಳಿ ಹಿಂದೆ ಸರಿದರೆ ಅದನ್ನು ಅಜ್ಞಾನ ಎನ್ನುವುದು ಸೊಕ್ಕಿನ ಮಾತು.

ಇಷ್ಟಾಗಿಯೂ ಉದ್ಯಮಕ್ಕೆ ಸಿಗುವ ಸಲಹೆ ಏನು? ಮೆಲ್ಲಗೆ ಸೇರಿಸಿ, ತರಕಾರಿಯ ಮಾತು ಹೆಚ್ಚು ಎತ್ತಬೇಡಿ, ಮಕ್ಕಳಿಗೆ ಗೊತ್ತಾಗದಂತೆ ಹೂಕೋಸು ತಿನ್ನಿಸಬಹುದು ಎಂದು ಅಪ್ಪ ಅಮ್ಮಂದಿರನ್ನು ಒಲಿಸಿ. ಬಚ್ಚಿಡುವುದನ್ನೇ ಗುಣವೆಂದು ಮಾರಿದ ಮೇಲೆ ಗಿರಾಕಿಗೆ ಅನುಮಾನ ಬಂತೆಂದು ಗೊಣಗುವುದು ಯಾವ ನ್ಯಾಯ? ತಿಳಿವಳಿಕೆ ಕೊಡುವವರಿಗೂ ಒಂದು ಹಳೆಯ ಪಾಠವಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಅಯೋವಾದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಗೃಹಿಣಿಯರಿಗೆ ಹೃದಯ, ಮೂತ್ರಪಿಂಡದಂಥ ಅಂಗಮಾಂಸ ಬಳಸುವುದನ್ನು ರೂಢಿ ಮಾಡಿಸಲು ನೋಡಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಅದನ್ನು ಹೊಸದಾಗಿ ಅಡುಗೆಗೆ ಬಳಸಿದವರು ಶೇ. 3 ಮಾತ್ರ, ಕೂತು ಚರ್ಚಿಸಿ ತಾವೇ ನಿರ್ಧಾರಕ್ಕೆ ಬಂದವರಲ್ಲಿ ಶೇ. 32. ಅಡುಗೆ ಮಾಡುವವರ ಕೈಗೆ ನಿರ್ಧಾರ ಕೊಟ್ಟದ್ದು ಕೆಲಸ ಮಾಡಿತು.

ನೆದರ್‌ಲೆಂಡ್ಸ್‌ನಲ್ಲಿ 2024ರಲ್ಲಿ ನಡೆದದ್ದು ಇದಕ್ಕೆ ಹೊಂದುವಂಥದ್ದು. ಲಿಡ್ಲ್ ಸೂಪರ್‌ಮಾರ್ಕೆಟ್ ಶೇ. 60 ದನದ ಮಾಂಸ, ಶೇ. 40 ಬಟಾಣಿ ಪ್ರೋಟೀನ್ ಇರುವ ಕೊಚ್ಚು ಮಾಂಸವನ್ನು ಮಾರಾಟಕ್ಕಿಟ್ಟಿತು. ಪಾಲು ಎಷ್ಟೆಂದು ಮುಚ್ಚುಮರೆಯಿಲ್ಲದೆ ಹೇಳಿತು. ಬೆಲೆ ಬರೀ ಮಾಂಸದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಉಪದೇಶ ಮಾಡುವ ಬದಲು ಉಳಿತಾಯವನ್ನು ಕೊಳ್ಳುವವರ ಕೈಗೇ ಕೊಟ್ಟಿತು. ಸೋವಿ ಎಂದು ಜನ ಹೆಚ್ಚೆಚ್ಚು ಕೊಂಡು, ಒಟ್ಟು ತಿನ್ನುವ ಮಾಂಸ ಅಷ್ಟೇ ಉಳಿದರೆ ಪರಿಸರಕ್ಕೇನು ಲಾಭ ಎಂಬ ಆಕ್ಷೇಪ ಇದ್ದೇ ಇದೆ, ಅದನ್ನು ತಳ್ಳಿಹಾಕಲಾಗದು. ಕಾರುಗಳ ಲೆಕ್ಕ ಕೊಟ್ಟವರು ಬರ್ಗರುಗಳ ಸಂಖ್ಯೆ ಇದ್ದಷ್ಟೇ ಇರುತ್ತದೆಂದು ಹಿಡಿದಿದ್ದಾರೆ. ಆದರೆ ಅದು ಬೆಲೆ ನಿಗದಿ ಮಾಡುವವರೂ ಸರ್ಕಾರವೂ ತಲೆಕೆಡಿಸಿಕೊಳ್ಳಬೇಕಾದ ವಿಷಯ, ಕೊಳ್ಳುವವನ ಮನೋಭಾವದ ದೋಷವಲ್ಲ.

ಆ ಪರಿಸರದ ವಾದವನ್ನು ಹಾಗೆಯೇ ಎತ್ತಿ ಇಲ್ಲಿಗೆ ತರುವುದೂ ಸಲ್ಲದು. ಅಮೆರಿಕದವನು ವರ್ಷಕ್ಕೆ ನೂರು ಕಿಲೋಗೂ ಮೇಲೆ ಮಾಂಸ ತಿನ್ನುತ್ತಾನೆ. ಭಾರತದ ಸರಾಸರಿ ಹತ್ತು ಕಿಲೋವನ್ನೂ ಮುಟ್ಟುವುದಿಲ್ಲ. ಕಡಿಮೆ ತಿನ್ನಿ ಎಂದು ಹೇಳಿಸಿಕೊಳ್ಳಬೇಕಾದ ಸ್ಥಿತಿಯಲ್ಲಿ ಇಲ್ಲಿ ಹೆಚ್ಚಿನವರಿಲ್ಲ. ಇಲ್ಲಿ ಬೆರಕೆಗೆ ಕಾರಣವಿದ್ದರೆ ಅದು ದುಬಾರಿ ಮಟನ್ನು, ಒಂದಿಷ್ಟು ಪ್ರೋಟೀನು. ಅಣಬೆಯೂ ಇಲ್ಲಿ ಕೆಲಸಕ್ಕೆ ಬಾರದು. ಕೋಳಿಗೆ ಬೆರೆಸಿದರೆ ದುಡ್ಡೇನೂ ಉಳಿಯುವುದಿಲ್ಲ, ಕಾಳು ಬೇಳೆಗೆ ಮಾತ್ರ ಆ ಶಕ್ತಿ ಇದೆ. ಸಸ್ಯಾಹಾರಿಗೂ ಮಾಂಸಾಹಾರಿಗೂ ನಡುವೆ ಇದು ಸೇತುವೆಯಾದೀತು ಎಂಬ ಕನಸನ್ನಂತೂ ಬಿಡಬೇಕು. ನಮ್ಮ ಕಾನೂನಿನಲ್ಲಿ ಒಂದು ಚೂರು ಮಾಂಸವಿದ್ದರೂ ಪೊಟ್ಟಣದ ಮೇಲೆ ಕಂದು ಗುರುತು ಬೀಳುತ್ತದೆ. ಹಸಿರು ಚುಕ್ಕೆ ನೋಡಿ ಕೊಳ್ಳುವವನು ಈ ಸರಕಿನ ಗಿರಾಕಿಯಲ್ಲ. ಅವನ ಅಭಿಪ್ರಾಯವನ್ನು ಸಮೀಕ್ಷೆಗೆ ಸೇರಿಸಿ ಸರಾಸರಿ ಕೆಡಿಸುವುದರಲ್ಲಿ ಅರ್ಥವಿಲ್ಲ.

ನಾಳೆ ಬೆಂಗಳೂರಿನ ಯಾವುದಾದರೂ ಕಂಪನಿ ಹಿದುಕವರೆ ಬೆರೆತ ಕೈಮಾ ಮಾರಲು ಹೊರಟರೆ ಮಾಡಬೇಕಾದ್ದು ಇಷ್ಟೇ. ಮಾಂಸ ಎಷ್ಟು, ಕಾಳು ಎಷ್ಟು ಎಂದು ಪೊಟ್ಟಣದ ಮುಂಭಾಗದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಲಿ, ಕಾಳಿನ ಪಾಲಿಗೆ ಕಾಳಿನ ದರವನ್ನೇ ಹಾಕಲಿ, ಅವರೆಕಾಯಿ ಸೊಗಡು ಬಿಟ್ಟಿರುವ ಡಿಸೆಂಬರ್ ಜನವರಿಯಲ್ಲಿ ಅಂಗಡಿಗೆ ತರಲಿ. ಆದರೆ ನನಗೆ ಗುಮಾನಿ ಇದೆ: ಮಟನ್ ದರವನ್ನೇ ಹಾಕಿ, ಪಾಲನ್ನು ಪೊಟ್ಟಣದ ಬೆನ್ನಿಗೆ ಇರುವೆ ಅಕ್ಷರದಲ್ಲಿ ಅಚ್ಚು ಹಾಕಿಸಿ, ಸರಿಯಾಗಿ ಶ್ರಾವಣದ ಮೊದಲ ವಾರ ಬಿಡುಗಡೆ ಮಾಡುತ್ತಾರೆ. ಗಣೇಶನ ಹಬ್ಬದ ಹೊತ್ತಿಗೆ ಕನ್ನಡಿಗ ಗ್ರಾಹಕ ಇನ್ನೂ ತಯಾರಿಲ್ಲ ಎಂಬ ವರದಿಯೂ ಸಿದ್ಧವಾಗಿರುತ್ತದೆ.