ಈಟಿ, ಕಲ್ಲು, ಪಟಾಕಿ: ಒಂದು ನಿಷೇಧಾಜ್ಞೆಯ ಓದು

ಬೆಂಗಳೂರು ನಗರ ಪೊಲೀಸ್ ಆಯುಕ್ತರು ಹೊರಡಿಸುವ ನಿಷೇಧಾಜ್ಞೆಯನ್ನು ಕಚೇರಿಯ ಕಾಗದವೆಂದು ಬದಿಗಿಡದೆ ಒಂದು ಬರಹವಾಗಿ ಓದಿದರೆ, ಸಂದರ್ಭ ಬದಲಾದರೂ ಅದರ ಮಾತು ಬದಲಾಗದಿರುವುದು ಮೊದಲು ಕಣ್ಣಿಗೆ ಬೀಳುತ್ತದೆ. ‘ಸಮಾಜಘಾತುಕ ಶಕ್ತಿಗಳು’ ಪರಿಸ್ಥಿತಿಯ ದುರ್ಲಾಭ ಪಡೆಯುವ ಸಾಧ್ಯತೆಯಿದ್ದು, ‘ಅಹಿತಕರ ಘಟನೆಗಳು’ ನಡೆಯದಂತೆ ‘ಮುಂಜಾಗ್ರತಾ ಕ್ರಮವಾಗಿ’ ಎಂದು ಪೀಠಿಕೆ ಮುಗಿದೊಡನೆ ಪಟ್ಟಿ ತೊಡಗುತ್ತದೆ: ಐದು ಅಥವಾ ಹೆಚ್ಚು ಜನ ಗುಂಪುಗೂಡುವುದು, ದೊಣ್ಣೆ, ಕತ್ತಿ, ಈಟಿ ಒಯ್ಯುವುದು, ಕಲ್ಲು ಸಂಗ್ರಹಿಸುವುದು, ಪಟಾಕಿ ಸಿಡಿಸುವುದು, ಪ್ರತಿಕೃತಿ ಪ್ರದರ್ಶಿಸುವುದು ಅಥವಾ ದಹಿಸುವುದು. ಪಟ್ಟಿಯ ಬಹುಭಾಗ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನ ಛಾಯೆಯಲ್ಲಿದೆ. ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯಲ್ಲಿ, ತರಕಾರಿ ಗಾಡಿ ಮತ್ತು ಸ್ಕೂಟರುಗಳ ನಡುವೆ ಈಟಿ ಹಿಡಿದು ನಡೆಯುವವರು ಕಾಣಸಿಗುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಈಟಿಗೂ ಪಟಾಕಿಗೂ ಒಂದೇ ಸಾಲು.

ಇಂಥ ಆಜ್ಞೆಯ ಮೂಲ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಇದೆ. ಮ್ಯಾಜಿಸ್ಟ್ರೇಟರ ಅಧಿಕಾರವುಳ್ಳವರು, ಎಂದರೆ ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರು, ತುರ್ತು ಸಂದರ್ಭದಲ್ಲಿ ಹೊರಡಿಸಬಹುದಾದ ಈ ಆಜ್ಞೆಯು ಸಾಮಾನ್ಯವಾಗಿ ಎರಡು ತಿಂಗಳು ಮೀರುವಂತಿಲ್ಲ. ಅದರಲ್ಲಿ ಪ್ರಕರಣದ ವಾಸ್ತವಾಂಶಗಳು ಲಿಖಿತವಾಗಿ ನಮೂದಾಗಿರಲೇಬೇಕು. ಆಜ್ಞೆಯ ಗುಣದೋಷವನ್ನು ಅಳೆಯಲು ಈ ಕೊನೆಯ ಷರತ್ತಿಗಿಂತ ಬೇರೆ ಅಳತೆಗೋಲು ಬೇಕಿಲ್ಲ.

2019ರ ನವೆಂಬರ್ 9ರಂದು, ಅಯೋಧ್ಯೆ ತೀರ್ಪಿನ ದಿನ, ನಗರದಲ್ಲಿ ಜಾರಿಯಾದ ಆಜ್ಞೆ ಈ ಅಳತೆಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಕಾರಣ ಎಲ್ಲರಿಗೂ ತಿಳಿದದ್ದು, ಅವಧಿ ಬೆಳಗ್ಗೆಯಿಂದ ಮಧ್ಯರಾತ್ರಿಯವರೆಗೆ. ಒಬ್ಬರ ಮನೆಯ ಮುಂದೆ ಸಿಡಿಯುವ ಸರಪಟಾಕಿ ಇನ್ನೊಬ್ಬರ ಕಿವಿಗೆ ಅಣಕವಾಗಿ ಕೇಳಿಸಬಹುದಾದ ಅಂಥ ದಿನದಲ್ಲಿ ಸಂಭ್ರಮಕ್ಕೂ ಪ್ರತಿಭಟನೆಗೂ ಸಮನಾಗಿ ತಡೆ ಹಾಕಿದ್ದು ನ್ಯಾಯವೇ. ಇದಕ್ಕೆ ವಿರುದ್ಧವಾದದ್ದು 2016ರ ಸೆಪ್ಟೆಂಬರ್ 12ರ ಅನುಭವ: ಕಾವೇರಿ ಗಲಭೆಯಲ್ಲಿ ರಸ್ತೆಗಳಲ್ಲಿ ಟೈರುಗಳು ಉರಿದು, ತಮಿಳುನಾಡಿನ ನೋಂದಣಿಯ ವಾಹನಗಳಿಗೆ ಬೆಂಕಿ ಬಿದ್ದ ಮೇಲೆ ನಿಷೇಧಾಜ್ಞೆ ಬಂತು, ರಾತ್ರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ವಿಧಿಸಬೇಕಾಯಿತು. ಹಚ್ಚಲು ನಿರ್ಧರಿಸಿ ಬಂದವನ ಕೈಯನ್ನು ಕಾಗದ ತಡೆಯುವುದಿಲ್ಲ. ಅದು ತಡೆಯುವುದು ಹೇಗಿದ್ದರೂ ಮಾತು ಕೇಳುವವನನ್ನು.

ಸಾರ್ವಜನಿಕ ಬೆಂಕಿಯ ನಿಯಮವನ್ನು ಬೇರೆ ಉದ್ದೇಶಕ್ಕೆ ಬಳಸಿಕೊಳ್ಳುವ ಚಾಳಿ ಹಳೆಯದು. 1929ರ ಮಾರ್ಚ್ 4ರಂದು ಕಲ್ಕತ್ತೆಯ ಶ್ರದ್ಧಾನಂದ ಪಾರ್ಕಿನಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ವಿದೇಶಿ ಬಟ್ಟೆಗಳ ದಹನವಾದಾಗ, ವಸಾಹತು ಸರ್ಕಾರವು ರಾಜದ್ರೋಹದ ಮಾತೆತ್ತದೆ, ಸಾರ್ವಜನಿಕ ರಸ್ತೆಯಲ್ಲಿ ಅಥವಾ ಅದರ ಸಮೀಪ ಹುಲ್ಲು ಮುಂತಾದವನ್ನು ಸುಡಬಾರದೆಂಬ ನಗರ ಪೊಲೀಸ್ ಕಾಯ್ದೆಯ ಕಲಮನ್ನು ಹಿಡಿಯಿತು. ಗಾಂಧೀಜಿಯವರಿಗೆ 1 ರೂಪಾಯಿ ದಂಡ ಬಿತ್ತು. ದಾರಿಹೋಕರ ಸುರಕ್ಷತೆಗಾಗಿ ಬರೆದ ನಿಯಮವು ರಾಜಕೀಯದ ಬೆಂಕಿಯನ್ನು ಆರಿಸಲು ಒದಗಿತು.

ಸ್ವತಂತ್ರ ಭಾರತದ ಬೆಂಗಳೂರಿನಲ್ಲಿ ಇಂಥ ಬಳಕೆಯ ಪರೀಕ್ಷೆ ನಡೆದದ್ದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳ ಮುನ್ನಾದಿನವಾದ 2019ರ ಡಿಸೆಂಬರ್ 18ರಂದು ಹೊರಟ, ಮೂರು ದಿನಗಳ ಆಜ್ಞೆಯಲ್ಲಿ. ಡಿಸಿಪಿಗಳ ಪತ್ರಗಳನ್ನು ಆಧರಿಸಿದ್ದ ಆ ಆಜ್ಞೆಯಲ್ಲಿ ಆಯುಕ್ತರು ಸ್ವತಂತ್ರವಾಗಿ ಕಾರಣಗಳನ್ನು ದಾಖಲಿಸಿರಲಿಲ್ಲ; 2020ರ ಫೆಬ್ರುವರಿ 13ರಂದು ಹೈಕೋರ್ಟ್ ಅದನ್ನು ಕಾನೂನುಬಾಹಿರವೆಂದು ಹೇಳಿತು. ಅದಕ್ಕೆ ಒಂದು ತಿಂಗಳ ಹಿಂದೆ, ಕಾಶ್ಮೀರದ ನಿರ್ಬಂಧಗಳನ್ನು ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಮತ್ತೆಮತ್ತೆ ಹೊರಡಿಸುವ ಇಂಥ ಆಜ್ಞೆಗಳು ಅಧಿಕಾರದ ದುರುಪಯೋಗವಾಗುತ್ತವೆಂದು ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು.

ಪಟಾಕಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಅದರ ಮೇಲೆ ಮೂರು ಬೇರೆ ಕಾರಣಗಳ ನಿರ್ಬಂಧಗಳಿವೆ. 2018ರ ಸುಪ್ರೀಂ ಕೋರ್ಟ್ ಆದೇಶವು ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಅವಕಾಶ ಕೊಟ್ಟದ್ದು ಮಾಲಿನ್ಯದ ದೃಷ್ಟಿಯಿಂದ. 2023ರ ಅಕ್ಟೋಬರ್ 7ರ ಅತ್ತಿಬೆಲೆ ಪಟಾಕಿ ಮಳಿಗೆಯ ಬೆಂಕಿ ದುರಂತದ ಬಳಿಕ ಮದುವೆ, ರಾಜಕೀಯ ಸಮಾರಂಭ, ಗಣೇಶೋತ್ಸವಗಳಲ್ಲಿ ಪಟಾಕಿ ನಿಷೇಧಿಸುವುದಾಗಿ ರಾಜ್ಯ ಸರ್ಕಾರ ಘೋಷಿಸಿದ್ದು ಜೀವರಕ್ಷಣೆಗೆ. ಮತ ಎಣಿಕೆಯ ದಿನ ತಡೆಯುವುದು ಶಾಂತಿಭಂಗದ ಭಯಕ್ಕೆ. ಮೊದಲೆರಡಕ್ಕೆ ಕಾರಣ ಸ್ಪಷ್ಟ. ಮೂರನೆಯದರಲ್ಲಿ ಮಾತ್ರ ಊಹೆಯೇ ಪ್ರಮಾಣ.

ಊಹೆಯನ್ನು ಬಿಟ್ಟು ನಡೆಯುವ ದಾರಿಯೂ ಇದೆ. ಉತ್ತರ ಕರ್ನಾಟಕದ ಕಾಮನ ಹಬ್ಬದಲ್ಲಿ ಕಟ್ಟಿಗೆ, ಕುಳ್ಳು ಕದ್ದು ತಂದು ಸುಡುವ ರೂಢಿ ಜಗಳಕ್ಕೆ ದಾರಿಯಾಗುತ್ತದೆಂದು ಠಾಣೆಗಳಲ್ಲಿ ಮೊದಲೇ ಶಾಂತಿ ಸಭೆ ಕರೆದು, ಎಲ್ಲಿ ದಹನ, ಎಷ್ಟು ಹೊತ್ತಿಗೆ ಮುಗಿಯಬೇಕು ಎಂಬುದನ್ನು ಹಿರಿಯರ ಎದುರಿನಲ್ಲೇ ಮಾತಾಡಿಕೊಳ್ಳುವುದುಂಟು. ಹಲಸೂರು ಕೆರೆಯತ್ತ ಸಾಗುವ ಗಣೇಶನ ಮೆರವಣಿಗೆಗಳ ವಿಷಯದಲ್ಲೂ ಬೇಕಾದದ್ದು ಇಂಥದ್ದೇ ನಿಖರತೆ. ಯಾವ ರಸ್ತೆಯಲ್ಲಿ, ಯಾವ ಪ್ರಾರ್ಥನಾ ಮಂದಿರದ ಮುಂದೆ, ಯಾವ ಹೊತ್ತಿನಲ್ಲಿ, ಯಾವ ಹಿಂದಿನ ಘಟನೆಯ ಕಾರಣಕ್ಕೆ ಪಟಾಕಿ ಬೇಡವೆಂದು ಆಜ್ಞೆಯೇ ಹೇಳಿದರೆ, ಉತ್ಸವ ಸಮಿತಿಯವರು ಅದನ್ನು ಪಾಲಿಸಬಲ್ಲರು ಅಥವಾ ಹೈಕೋರ್ಟಿನಲ್ಲಿ ಪ್ರಶ್ನಿಸಬಲ್ಲರು; ಈಗಿನ ಪಟ್ಟಿಯಲ್ಲಿ ಪ್ರಶ್ನಿಸುವುದಕ್ಕೆ ಕಾರಣವೇ ಕಾಣಸಿಗುವುದಿಲ್ಲ.